ಗಡ್ಡೆಯೊಳಗಿನ ಕಾವಲುಗಾರರು: ಹೊಸ ಔಷಧ ಧುಪದಾಳದ ತನಕ ತಲುಪೀತೇ?

2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಹಾಗೂ ಜಪಾನಿನ ಶಿಮೋನ್ ಸಕಾಗುಚಿ ಅವರಿಗೆ ಸಂದಾಗ ನಮ್ಮಲ್ಲಿ ಅದು ಒಂದು ದಿನದ ಸುದ್ದಿಯಾಗಿ ಮರೆಗೆ ಸರಿಯಿತು. ಅವರ ಸಂಶೋಧನೆ ನಮ್ಮ ರಕ್ತದಲ್ಲಿರುವ ಒಂದು ವಿಶೇಷ ಬಗೆಯ ಕಾವಲು ಕೋಶಗಳ ಕುರಿತಾದದ್ದು. ಉಳಿದ ಕಾವಲುಗಾರರು ಎಲ್ಲೆ ಮೀರಿ ನಮ್ಮದೇ ಅಂಗಾಂಗಗಳ ಮೇಲೆ ಎರಗದಂತೆ ಇವು ತಡೆಯುತ್ತವೆ. ಇವಿಲ್ಲದಿದ್ದರೆ ನಾವು ಬದುಕುವುದೇ ಕಷ್ಟ. ಆದರೆ ಕ್ಯಾನ್ಸರ್ ಗಡ್ಡೆ ಇದೇ ಕೋಶಗಳನ್ನು ತನ್ನೊಳಗೆ ಸೇರಿಸಿಕೊಂಡು, ಅವುಗಳ ಮರೆಯಲ್ಲಿ ಕ್ಷೇಮವಾಗಿ ಬೆಳೆಯುತ್ತದೆ.

ಗಡ್ಡೆ ಎಂದರೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆಯಲ್ಲ. ಅದರೊಳಗೆ ರೋಗದ ವಿರುದ್ಧ ಹೋರಾಡಬೇಕಾದ ಟಿ-ಕೋಶಗಳು ಇರುತ್ತವೆ. ಆದರೆ ಕೈಕಟ್ಟಿ ಕುಳಿತಿರುತ್ತವೆ. ಕೈ ಕಟ್ಟಿದ್ದು ಯಾವುದು ಎಂಬುದನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲೇ ನೊಬೆಲ್ ಬಂದಿತ್ತು. ಆ ಕಟ್ಟನ್ನು ಬಿಚ್ಚುವ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಎಂಬ ಔಷಧಗಳು 2014ರಿಂದ ಬಳಕೆಯಲ್ಲಿವೆ. ಇದನ್ನೇ ಆಸ್ಪತ್ರೆಗಳಲ್ಲಿ ಇಮ್ಯುನೋಥೆರಪಿ ಎನ್ನುತ್ತಾರೆ. ಸಕಾಗುಚಿ ಅವರು ಗುರುತಿಸಿದ ಕೋಶಗಳನ್ನು ಗಡ್ಡೆಯೊಳಗೆ ಮಾತ್ರ ಆರಿಸಿ ತೆಗೆಯುವ ಔಷಧಗಳಾದರೋ ಇನ್ನೂ ಪ್ರಯೋಗದ ಹಂತದಲ್ಲಿವೆ.

ಈ ವಿಷಯವನ್ನು ಬರೆಯಲು ನಮಗೊಂದು ಕಾರಣವಿದೆ. ಕರಾವಳಿಯಿಂದ ಹೋದ ಅನೇಕ ಗುರುಗಳೂ ಧರ್ಮಭಗಿನಿಯರೂ ಬೆಳಗಾವಿ ಜಿಲ್ಲೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅಲ್ಲಿನ ಗೋಕಾಕ ತಾಲ್ಲೂಕಿನ ಧುಪದಾಳವನ್ನೇ ತೆಗೆದುಕೊಳ್ಳೋಣ. ಘಟಪ್ರಭಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಅಣೆಕಟ್ಟು, ಕಾಲುವೆ, ಕಬ್ಬು, ಪಕ್ಕದಲ್ಲೇ ಘಟಪ್ರಭಾ ರೈಲು ನಿಲ್ದಾಣ. ಬಾಯಿಯ ಹುಣ್ಣು ಮಾಯದೆ ಅದು ಕ್ಯಾನ್ಸರ್ ಎಂದು ಗೊತ್ತಾದಾಗ ಅಲ್ಲಿಯವರು ಬೆಳಗಾವಿಗೋ ಮಿರಜಕ್ಕೋ ಹುಬ್ಬಳ್ಳಿಯ ನವನಗರಕ್ಕೋ ಹೋಗುತ್ತಾರೆ. ಅಲ್ಲಿಂದ ಮುಂದೆ ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈಯ ಟಾಟಾ. 2025ರ ಜನವರಿ 3ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ ಮೇಲೆ ದಾರಿ ಸ್ವಲ್ಪ ಹತ್ತಿರವಾಗಿದೆ ಎನ್ನಬಹುದು. ಔಷಧದ ಬೆಲೆ ಮಾತ್ರ ಊರಿನ ದೂರ ನೋಡಿ ಇಳಿಯುವುದಿಲ್ಲ.

ಆ ಕಡೆಯ ಕಾಯಿಲೆ ನಮಗೆ ಪರಕೀಯವೂ ಅಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ; ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವುದು ಅದೇ ಜಿಲ್ಲೆಯಲ್ಲಿ. 2013ರಲ್ಲಿ ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಮಾರಿ ಕಾನೂನನ್ನು ಗೌರವಿಸಿದರು!

ಈಗ ಮುಖ್ಯ ಮಾತಿಗೆ ಬರೋಣ. ನಿವೊಲುಮಾಬ್‌ನ ವಾಡಿಕೆಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ತಿಂಗಳುಗಟ್ಟಲೆ ನಡೆಯುವ ಈ ಚಿಕಿತ್ಸೆಗೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಕೇಳಿದ ಪ್ರಶ್ನೆ ಸರಳವಾಗಿತ್ತು: ಅಷ್ಟೊಂದು ಬೇಕೇ? ತಲೆ, ಕತ್ತಿನ ಭಾಗದ ಕ್ಯಾನ್ಸರ್ ಉಲ್ಬಣಿಸಿ, ಗುಣಪಡಿಸುವ ಚಿಕಿತ್ಸೆ ಸಾಧ್ಯವಿಲ್ಲದ 151 ಮಂದಿಯನ್ನು ಅವರು ಎರಡು ಗುಂಪು ಮಾಡಿದರು. ಎಲ್ಲರಿಗೂ ಕಡಿಮೆ ಪ್ರಮಾಣದ ಕೀಮೋ ಮಾತ್ರೆಗಳು. ಒಂದು ಗುಂಪಿಗೆ ಅದರ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮಾಬ್. ಒಂದು ವರ್ಷದ ಬಳಿಕ ಬದುಕಿದ್ದವರು ಮಾತ್ರೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 16.3, ಇನ್ನೊಂದರಲ್ಲಿ ಶೇ. 43.4. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ವಾಡಿಕೆಯ ಪ್ರಮಾಣದ ಹತ್ತನೇ ಒಂದಂಶಕ್ಕಿಂತಲೂ ಕಡಿಮೆ ಔಷಧದಿಂದ ಆದ ಕೆಲಸವಿದು. ನಮ್ಮ ಅಭಿಪ್ರಾಯದಲ್ಲಿ ಬಡರೋಗಿಗಳ ಪಾಲಿಗೆ ಇದು ಎರಡೂ ನೊಬೆಲ್‌ಗಳಿಗಿಂತ ದೊಡ್ಡ ಸುದ್ದಿ.

ಹಾಗೆಂದು ಉತ್ಪ್ರೇಕ್ಷೆ ಬೇಡ. ಅದೇ ಅಧ್ಯಯನದಲ್ಲಿ ರೋಗಿಗಳು ಬದುಕುಳಿದ ಮಧ್ಯಮ ಅವಧಿ 6.7 ತಿಂಗಳಿಂದ 10.1 ತಿಂಗಳಿಗೆ ಏರಿತು. ಅಂದರೆ ಮೂರೂವರೆ ತಿಂಗಳಿನಷ್ಟು. ಮಗಳ ಮದುವೆ ನೋಡಲು ಅದು ಸಾಕಾಗಬಹುದು. ಹೊಲ ಮಾರಿ ಆ ತಿಂಗಳುಗಳನ್ನು ಕೊಳ್ಳಬೇಕಾಗಿ ಬಂದರೆ ಮನೆಯವರ ಲೆಕ್ಕವೇ ಬೇರೆ. ಆದ್ದರಿಂದಲೇ ಬೆಲೆಯ ಪ್ರಶ್ನೆ ಇಲ್ಲಿ ಚಿಕಿತ್ಸೆಯ ಪ್ರಶ್ನೆಯೇ ಆಗಿದೆ.

ಬೆಲೆಯ ವಿಷಯದಲ್ಲಿ ಕೆಲವು ಬಾಗಿಲುಗಳು ತೆರೆದಿವೆ. 2024ರ ಜುಲೈ ಬಜೆಟ್ಟಿನಲ್ಲಿ ಇದೇ ವರ್ಗದ ಡುರ್ವಾಲುಮಾಬ್ ಸಹಿತ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ರದ್ದಾಯಿತು. 2025ರ ಸೆಪ್ಟೆಂಬರ್ 22ರಿಂದ ಅಟೆಜೊಲಿಜುಮಾಬ್ ಮೊದಲಾದ 33 ಔಷಧಗಳಿಗೆ ಜಿಎಸ್‌ಟಿ ಇಲ್ಲ. ನಿವೊಲುಮಾಬ್‌ನ ದೇಶೀಯ ಪ್ರತಿರೂಪವನ್ನು ಝೈಡಸ್ ಕಂಪೆನಿ ಹೊರತರದಂತೆ 2025ರ ಜುಲೈಯಲ್ಲಿ ದೆಹಲಿ ಹೈಕೋರ್ಟು ತಡೆಯಿತ್ತಿತ್ತು. 2026ರ ಜನವರಿಯಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ದಾರಿ ಬಿಟ್ಟಿತು. ಪೇಟೆಂಟಿನ ಅವಧಿ ಹೇಗೂ 2026ರ ಮೇ ತಿಂಗಳವರೆಗೆ ಮಾತ್ರ. ಧುಪದಾಳದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಅಣೆಕಟ್ಟಿನಲ್ಲಿ ನೀರಿದೆ ಎಂದ ಮಾತ್ರಕ್ಕೆ ಕಾಲುವೆಯ ಕೊನೆಯ ಹೊಲ ನೆನೆಯುವುದಿಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆಯಿದೆ. ನಮ್ಮ ದೇಶದಲ್ಲೇ ಸಾಬೀತಾದ ಕಡಿಮೆ ಪ್ರಮಾಣದ ಈ ಚಿಕಿತ್ಸೆ ಆ ಆಸರೆಯಡಿ ಜಿಲ್ಲಾ ಕೇಂದ್ರದಲ್ಲೇ ತಂಟೆಯಿಲ್ಲದೆ ಸಿಗುವಂತಾಗಬೇಕು ಎಂಬುದು ನಮ್ಮ ಆಗ್ರಹ.

ಸಹಾಯ ಯಾಚಿಸಿ ಧರ್ಮಕೇಂದ್ರದ ಬಾಗಿಲಿಗೆ ಬರುವವರು ಹಲವರು. ವಾಳೆಯ ಗುರಿಕಾರರೂ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರೂ ಚೀಟಿ ಬರೆಯುವ ಮುನ್ನ ಕೆಲವು ಸಂಗತಿ ತಿಳಿದಿರುವುದು ಒಳ್ಳೆಯದು. 2024ರ ಏಪ್ರಿಲ್‌ನಲ್ಲಿ ಮುಂಬೈ ಐಐಟಿಯಲ್ಲಿ ಬಿಡುಗಡೆಯಾದ ಕಾರ್-ಟಿ ಚಿಕಿತ್ಸೆ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಮಾತ್ರ; ಬಾಯಿ, ಸ್ತನ, ಶ್ವಾಸಕೋಶದ ಗಡ್ಡೆಗಳಿಗೆ ಅದನ್ನು ಕೇಳಿಕೊಂಡು ಅಲೆಯುವುದು ವ್ಯರ್ಥ. ಇಮ್ಯುನೋಥೆರಪಿ ಹೇಳಿದ್ದರೆ ಗಡ್ಡೆಯ ಪರೀಕ್ಷೆ ಅದಕ್ಕೆ ಹೊಂದುತ್ತದೆಯೇ, ಕಡಿಮೆ ಪ್ರಮಾಣ ಸಾಕಾಗುತ್ತದೆಯೇ ಎಂದು ತಜ್ಞರನ್ನು ನೇರವಾಗಿ ಕೇಳಬೇಕು. ಕೇಳಿದರೆ ವೈದ್ಯರು ಸಿಟ್ಟಾದಾರು ಎಂಬ ಹೆದರಿಕೆ ನಮ್ಮ ಜನರಿಗೆ ಸ್ವಲ್ಪ ಹೆಚ್ಚೇ.

ಇನ್ನೊಂದು ಸಂಗತಿ ಹಳ್ಳಿಯವರಿಗೆ ಅತಿ ಮುಖ್ಯ. ಕಟ್ಟು ಬಿಚ್ಚಿದ ಕಾವಲುಗಾರರು ಕೆಲವೊಮ್ಮೆ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಯ ಮೇಲೂ ತಿರುಗಿ ಬೀಳುತ್ತಾರೆ. ಇದು ಇಂಜೆಕ್ಷನ್ ಕೊಟ್ಟ ದಿನವೇ ಆಗಬೇಕೆಂದಿಲ್ಲ, ವಾರಗಳ, ತಿಂಗಳುಗಳ ಬಳಿಕವೂ ಆಗಬಹುದು. ಆಗ ರೋಗಿ ಊರಿನಲ್ಲಿರುತ್ತಾನೆ. ನಿಲ್ಲದ ಭೇದಿಗೆ ಹತ್ತಿರದ ವೈದ್ಯರು ಮಾಮೂಲಿ ಮಾತ್ರೆ ಬರೆದುಕೊಟ್ಟರೆ, ಸಕಾಲದಲ್ಲಿ ಸ್ಟೀರಾಯ್ಡ್ ಸಿಗದೆ ಪ್ರಾಣಕ್ಕೇ ಅಪಾಯ. ಕೀಮೋ ಅಲ್ಲ, ಇಮ್ಯುನೋಥೆರಪಿ ಆಗಿದೆ ಎಂದು ಊರಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಔಷಧದ ಹೆಸರು, ಕೊಟ್ಟ ದಿನಾಂಕ, ಆಸ್ಪತ್ರೆಯ ಫೋನ್ ನಂಬರು ಬರೆದ ಚೀಟಿಯೊಂದು ರೋಗಿಯ ಕಿಸೆಯಲ್ಲೂ, ಅದರ ಪ್ರತಿಯೊಂದು ಮನೆಯಲ್ಲೂ ಇರಲಿ.