ಹೊರಗಿನ ಊಟ ವಿಷವಾದರೆ ನಾವು ಎಲ್ಲಿ ಉಣ್ಣಬೇಕು?

ಹೋದ ತಿಂಗಳು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಉಪನ್ಯಾಸಕರೊಬ್ಬರು ಆರೋಗ್ಯದ ಬಗ್ಗೆ ಮಾತನಾಡುತ್ತಾ "ಹೊರಗಿನ ಊಟ ವಿಷ, ಮನೆಯ ಊಟ ಔಷಧ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅದೇ ದಿನ ಮಧ್ಯಾಹ್ನ ಒಂದು ಗಂಟೆಗೆ ಗೇಟಿನ ಹೊರಗಿನ ಬಂಡಿಯಿಂದ ಮಿರ್ಚಿ ಭಜಿ ತರಿಸಿಕೊಂಡು ಕ್ಲಾಸಿನಲ್ಲಿ ಕೂತು ತಿಂದೆವು. ಸರ್ ಮೇಲೆ ನನಗೆ ಗೌರವವಿದೆ. ಆದರೆ ಈ ಒಂದು ಮಾತನ್ನು ಒಪ್ಪಲು ಆಗುತ್ತಿಲ್ಲ. ಯಾಕೆ ಎಂದು ಬರೆಯುತ್ತೇನೆ. ನಮ್ಮ ಮನೆಮಾತು ಉರ್ದು, ಬರವಣಿಗೆಯಲ್ಲಿ ತಪ್ಪಿದ್ದರೆ ಕನ್ನಡ ಮೇಡಂ ತಿದ್ದಬೇಕು.

ಮೊದಲು ನಮ್ಮ ದಿನ ಹೇಗಿರುತ್ತದೆ ಎಂದು ನೋಡಿ. ನಾನು ಚಿತ್ತಾಪುರದಿಂದ ಸೇಡಂಗೆ ಬರುತ್ತೇನೆ. ಚಿಂಚೋಳಿ ಕಡೆಯ ಗೆಳತಿಯರು ಬೆಳಿಗ್ಗೆ ಏಳಕ್ಕೇ ಬಸ್ ಹಿಡಿಯುತ್ತಾರೆ. ಅಷ್ಟು ಹೊತ್ತಿಗೆ ಅವರ ತಾಯಂದಿರು ಹೊಲದ ಕೆಲಸಕ್ಕೆ ಹೊರಟಿರುತ್ತಾರೆ. ಡಬ್ಬಿ ತರುವವರು ನಮ್ಮ ಕ್ಲಾಸಿನಲ್ಲಿ ಅರ್ಧ ಜನವೂ ಇಲ್ಲ. ತಿರುಗಿ ಮನೆ ಮುಟ್ಟುವಾಗ ಸಂಜೆ ಐದಾಗುತ್ತದೆ. ಹತ್ತನೇ ತರಗತಿಯವರೆಗೆ ಈ ತೊಂದರೆ ಇರಲಿಲ್ಲ. ನಾನು ಓದಿದ್ದು ಸರಕಾರಿ ಉರ್ದು ಶಾಲೆಯಲ್ಲಿ, ಅಲ್ಲಿ ಬಿಸಿಯೂಟ ಇತ್ತು. 2021ರ ಡಿಸೆಂಬರ್‌ನಲ್ಲಿ ನಮ್ಮ ಕಲಬುರಗಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು. ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು ಎಂಬುದೇ ಅದಕ್ಕೆ ಕಾರಣ. ನಾನಾಗ ಎಂಟನೇ ತರಗತಿ. ಪಿಯುಸಿಗೆ ಬಂದ ಕೂಡಲೇ ತಟ್ಟೆ ನಿಂತಿತು. ರಕ್ತ ಹೆಚ್ಚಾಗಿ ನಿಂತದ್ದಲ್ಲ, ಯೋಜನೆ ಇರುವುದೇ ಹತ್ತನೇ ತರಗತಿವರೆಗೆ. ಆದ್ದರಿಂದ ನಮಗೆ "ಹೊರಗೆ ತಿನ್ನಬೇಡಿ" ಎಂದರೆ "ಮಧ್ಯಾಹ್ನ ತಿನ್ನಬೇಡಿ" ಎಂದೇ ಅರ್ಥ. ಕೆಲವು ಹುಡುಗಿಯರು ಹಾಗೇ ಮಾಡುತ್ತಾರೆ. ಒಂದು ಕಪ್ ಚಹಾ, ಎರಡು ಬಿಸ್ಕತ್ತಿನ ಮೇಲೆ ಮಧ್ಯಾಹ್ನ ಕಳೆಯುತ್ತಾರೆ.

ಸರ್ ಹೇಳಿದ್ದು ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಬಟ್ಟೆಗೆ ಹಾಕುವ ರೊಡಮೈನ್-ಬಿ ಬಣ್ಣ ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿತು. ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ಅದೇ ಗತಿಯಾಯಿತು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ 2018ರಿಂದ ಮಿತಿ ಇದೆ. ಬಿಸಿ ಭಜಿಯನ್ನು ಪೇಪರಿನಲ್ಲಿ ಕಟ್ಟಬೇಡಿ, ಮಸಿ ಅಂಟುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಕೆ ಕೊಟ್ಟಿದೆ. ಆದರೂ ನಮ್ಮಲ್ಲಿ ಪಾರ್ಸೆಲ್ ಎಂದರೆ ಇವತ್ತಿಗೂ ಪೇಪರಿನ ಭಜಿ, ಪ್ಲಾಸ್ಟಿಕ್ ಕವರಿನ ಬಿಸಿ ದಾಲ್. ಇವೆಲ್ಲ ಬಣ್ಣದ, ಎಣ್ಣೆಯ, ಕಾಗದದ ತಪ್ಪುಗಳು. ಹೊರಗೆ ಬೇಯಿಸಿದ್ದೇ ತಪ್ಪು ಎಂದು ಇದರಿಂದ ಆಗುವುದಿಲ್ಲ.

ಇದನ್ನು ಲೆಕ್ಕ ಹಾಕಿ ನೋಡಿದ್ದೇನೆ, ಕಾಮರ್ಸ್ ಓದುವವಳಲ್ಲವೇ. ನಮ್ಮ ಮಾಮು ಶಹಾಬಾದಿನಲ್ಲಿ ತಹರಿ ಬಂಡಿ ಇಟ್ಟಿದ್ದಾರೆ. ದೀಪಾವಳಿ ರಜೆಯಲ್ಲಿ ಅವರ ಜೊತೆ ಕೂತು ಬರೆದುಕೊಂಡೆ. 5 ಕೆಜಿ ಅಕ್ಕಿಗೆ ಒಂದು ಲೀಟರ್ ಎಣ್ಣೆ, 35 ಪ್ಲೇಟ್. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಭಾಗಿಸಿದರೆ ಪ್ಲೇಟಿಗೆ 26 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಹೇಳಿರುವ ಅಡುಗೆ ಎಣ್ಣೆ ಇಡೀ ದಿನಕ್ಕೆ 27 ಗ್ರಾಂ! ಅದೇ ಸಂಸ್ಥೆ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಎನ್ನುತ್ತದೆ. ಮಾಮು ಪ್ಲೇಟಿನಲ್ಲಿ ತರಕಾರಿ ಎಂದರೆ ಈರುಳ್ಳಿಯ ನಾಲ್ಕು ಚೂರು. ಬೇಳೆ ಇಲ್ಲವೇ ಇಲ್ಲ. ತೊಗರಿಗೆ ಜಿಐ ಟ್ಯಾಗ್ ಪಡೆದ ಜಿಲ್ಲೆ ನಮ್ಮದು ಎಂದು ನೆನಪಿಸಿಕೊಳ್ಳಿ.

ಲೆಕ್ಕ ತೋರಿಸಿದಾಗ ಮಾಮು ನಕ್ಕರು. "ಕಿತಾಬ್ ಕೀ ತಹರಿ ಕೌನ್ ಖಾತಾ ಬೇಟಾ?" ಎಂದರು. ಆಮೇಲೆ ಗಿರಾಕಿಗಳ ಕಡೆ ಕೈ ತೋರಿಸಿದರು. ಬೆಳಿಗ್ಗೆ ಆರರಿಂದ ಫರ್ಸಿ ಕಲ್ಲು ಎತ್ತಿ ಲಾರಿಗೆ ತುಂಬುವವರು. ಆ ಒಂದು ಪ್ಲೇಟಿನ ಬಲದ ಮೇಲೆ ಅವರು ಮೂರು ಗಂಟೆಯವರೆಗೆ ದುಡಿಯುತ್ತಾರೆ. ಅವರಿಗೆ ಅದು ಹೆಚ್ಚಲ್ಲ. ಅದೇ ಪ್ಲೇಟನ್ನು ನಾನು ತಿಂದು ಬೆಂಚಿನ ಮೇಲೆ ಕೂತು ಸ್ಟಾಟಿಸ್ಟಿಕ್ಸ್ ಕ್ಲಾಸಿನಲ್ಲಿ ತೂಕಡಿಸಿದರೆ ತಪ್ಪು ತಹರಿಯದ್ದೋ ನನ್ನದೋ? ಕಲ್ಲು ಹೊರುವವರ ತಟ್ಟೆಯನ್ನು ನಾವು ದಿನಾ ತಿನ್ನಬಾರದು, ಅಷ್ಟೇ. ವಾರಕ್ಕೆ ಒಂದು ಸಲ ತಿಂದರೆ ಏನೂ ಕೆಡುವುದಿಲ್ಲ ಎಂದು ನನ್ನ ಅಭಿಪ್ರಾಯ. ಮಾಮು ಆಮೇಲೆ ಎಣ್ಣೆಯನ್ನು ಮುಕ್ಕಾಲು ಲೀಟರಿಗೆ ಇಳಿಸಿದ್ದಾರೆ. ನನ್ನ ಮಾತಿಗಲ್ಲ, ಎಣ್ಣೆಯ ರೇಟಿಗೆ.

ನನಗೆ ಈ ವಿಷಯ ಇಷ್ಟು ಮುಖ್ಯವಾಗಲು ಕಾರಣ ಅಬ್ಬು. ಅವರು ವಾಡಿಯಿಂದ ಸಿಮೆಂಟ್ ತುಂಬಿಕೊಂಡು ಹೋಗುವ ಲಾರಿಯ ಡ್ರೈವರ್. ತಿಂಗಳಲ್ಲಿ ಇಪ್ಪತ್ತು ದಿನ ಅವರ ಊಟ ಢಾಬಾದಲ್ಲಿ. ಎರಡು ವರ್ಷದ ಹಿಂದೆ ಶುಗರ್ ಬಂತು. ಕೇಳಿದವರೆಲ್ಲ "ಮನೆ ಊಟ ಮಾಡಿ" ಎಂದರು. ಲಾರಿಯಲ್ಲಿ ಮನೆ ಎಲ್ಲಿಂದ ಬರಬೇಕು? ಅಬ್ಬು ಒಂದು ತಿಂಗಳು ಹೆದರಿ ಸರಿಯಾಗಿ ಉಣ್ಣಲೇ ಇಲ್ಲ, ಒಂದು ದಿನ ರಸ್ತೆಯಲ್ಲೇ ತಲೆ ತಿರುಗಿ ಗಾಡಿ ನಿಲ್ಲಿಸಿದರು. ಅಮ್ಮಿ ಮೂರು ದಿನ ಅತ್ತರು. ಕೊನೆಗೆ ಒಬ್ಬ ಡಾಕ್ಟರ್ "ಢಾಬಾದಲ್ಲಿ ಏನೇನು ಸಿಗುತ್ತದೆ ಹೇಳಿ" ಎಂದು ಕೇಳಿದರಂತೆ. ಅದರಲ್ಲೇ ಆರಿಸಿಕೊಟ್ಟರು: ಎರಡು ರೊಟ್ಟಿ, ತಡ್ಕಾ ಹಾಕದ ಸಾದಾ ದಾಲ್, ಮೊಟ್ಟೆ, ಹಸಿ ಈರುಳ್ಳಿ, ಸೌತೆಕಾಯಿ. ಅನ್ನ ಕಡಿಮೆ, ಚಹಾಕ್ಕೆ ಸಕ್ಕರೆ ಬೇಡ. ಈಗ ಶುಗರ್ ಹಿಡಿತದಲ್ಲಿದೆ. ಢಾಬಾ ಅದೇ, ಕೇಳುವ ರೀತಿ ಬದಲಾಯಿತು.

ಇನ್ನು ಮನೆ ಊಟದ ಮಾತು. ರಂಜಾನಿನಲ್ಲಿ ನಮ್ಮ ಮನೆಯ ಬಾಣಲೆ ನೋಡಬೇಕು. ಸಮೋಸಾ ಕರಿದ ಎಣ್ಣೆಯಲ್ಲೇ ಮರುದಿನ ಭಜಿ, ಅದರ ಮರುದಿನ ಮತ್ತೆ ಸಮೋಸಾ. ಅಮ್ಮಿ ಇದನ್ನು ಓದಿದರೆ ನನಗೆ ಇಫ್ತಾರಿಗೆ ಖರ್ಜೂರ ಮಾತ್ರ ಸಿಗಬಹುದು! ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ಆ ಎಣ್ಣೆ ಔಷಧವಾಗುವುದಿಲ್ಲ.

ಹಾಗೆ ನೋಡಿದರೆ ಹೊರಗೆ ಸಿಗುವುದರಲ್ಲಿ ಒಳ್ಳೆಯದು ನಮ್ಮ ಭಾಗದಲ್ಲಿ ಎಷ್ಟೋ ಇದೆ. ಸುಸಲಾದಲ್ಲಿ ಎಣ್ಣೆ ಕಡಿಮೆ, ಮೇಲೆ ಪುಠಾಣಿ ಹಿಟ್ಟು, ಈರುಳ್ಳಿ, ಲಿಂಬೆ. ಜೊತೆಗೆ ನಾಲ್ಕು ಭಜಿ ಬದಲು ಒಂದು ತಿಂದು, ಉಳಿದ ದುಡ್ಡಿಗೆ ಬೇಯಿಸಿದ ಮೊಟ್ಟೆ ತಗೊಳ್ಳಬಹುದು. 250 ಮಿಲಿ ಕೋಲಾದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇದೆ, ಅಂದರೆ ಒಂದು ದಿನಕ್ಕೆ ಸಾಕಾಗುವಷ್ಟು. ಅದರ ಬದಲು ಮಜ್ಜಿಗೆ ಕುಡಿಯಬಹುದು. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವನ್ನು ಹುಡುಗಿಯರಾದರೂ ಬಿಡಬೇಕು. ಬೇಳೆ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ, ಲಿಂಬೆ ಹತ್ತುವಂತೆ ಮಾಡುತ್ತದೆ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಮ್ಮ ಕ್ಲಾಸಿನಲ್ಲಿ ಯಾರೂ ಪರೀಕ್ಷೆ ಮಾಡಿಲ್ಲ, ಆದರೆ ಕೊನೆಯ ಪೀರಿಯಡ್‌ನಲ್ಲಿ ಮುಖಗಳನ್ನು ನೋಡಿದರೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಹೊರಗಿನ ಊಟ ಖಾನಾವಳಿಯದು. ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಹಸಿ ಮೆಂತ್ಯೆ. ಇಷ್ಟು ನಮ್ಮ ಮನೆಯಲ್ಲೂ ದಿನಾ ಆಗುವುದಿಲ್ಲ. ಹುಡುಗರು ಹೋಗಿ ಉಣ್ಣುತ್ತಾರೆ. ನಾವು ಹೋಗುವುದಿಲ್ಲ. ಗಂಡಸರು ತುಂಬಿರುವ ಜಾಗದಲ್ಲಿ ಬುರ್ಖಾ ಹಾಕಿದ ಮೂರು ಹುಡುಗಿಯರು ಕೂತರೆ ಸಂಜೆಯೊಳಗೆ ಸುದ್ದಿ ಚಿತ್ತಾಪುರ ಮುಟ್ಟುತ್ತದೆ. ಅದಕ್ಕೇ ನಮ್ಮ ಪಾಲಿಗೆ ಕಟ್ಟಿಸಿ ತರಬಹುದಾದ ಭಜಿಯೇ ಊಟವಾಗಿದೆ. ನಾವು ಭಜಿ ತಿನ್ನುವುದು ನಾಲಗೆಯ ಚಪಲಕ್ಕೆ ಎಂದು ಸರ್ ತಿಳಿದಿರಬಹುದು. ನಮಗೆ ಕೂತು ಉಣ್ಣಲು ಜಾಗವಿಲ್ಲ, ಅದಕ್ಕೆ.

ಹತ್ತಿರದ ಖಾನಾವಳಿಯ ಅಕ್ಕನನ್ನು ಕೇಳಿದ್ದೇನೆ. ಇಪ್ಪತ್ತು ಜನರಾದರೆ ಎರಡು ರೊಟ್ಟಿ, ಕಾಳಿನ ಪಲ್ಯ, ಬೇಳೆ ಸೇರಿ ತಲೆಗೆ 40 ರೂಪಾಯಿಯಂತೆ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತೇನೆ ಎಂದಿದ್ದಾರೆ. ಎರಡು ಪ್ಲೇಟ್ ಭಜಿ, ಒಂದು ಕೋಲಾಕ್ಕೆ ನಾವು ಈಗ ಕೊಡುತ್ತಿರುವುದು 60. ಹದಿನೇಳು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಲೈಬ್ರರಿಯ ಪಕ್ಕದ ಕೋಣೆಯಲ್ಲಿ ಹಳೆಯ ಬೆಂಚುಗಳು ಬಿಟ್ಟರೆ ಏನೂ ಇಲ್ಲ. ಅದನ್ನು ಒಂದರಿಂದ ಒಂದೂವರೆಯವರೆಗೆ ತೆರೆದುಕೊಟ್ಟು, ಕೈತೊಳೆಯಲು ಒಂದು ನಲ್ಲಿ ಹಾಕಿಸಿಕೊಟ್ಟರೆ ಸಾಕು. ಅರ್ಜಿ ಮತ್ತು ಲೆಕ್ಕದ ಹಾಳೆಯನ್ನು ಪ್ರಾಂಶುಪಾಲರಿಗೆ ಸೋಮವಾರ ಕೊಡುತ್ತೇವೆ. ಇನ್ನೂ ಮೂರು ಹೆಸರು ಬೇಕು.