ಟಿಕೆಟ್ ಫುಕಟ್ ಅದ, ಬಸ್ಸೆಲ್ಲಿ?

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ ಕೊಡುತ್ತೇನೆ. ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಮೊದಲು ಈ ಲೆಕ್ಕ ಹುಟ್ಟಿದ ಕಥೆ ಕೇಳಿ.

ಹೋದ ವಾರ ತಂಗಿಯ ಮನೆಗೆ ಹೋಗಿದ್ದೆ. ಹುಮನಾಬಾದ್‌ನಿಂದ ಬಸವಕಲ್ಯಾಣದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಅವಳ ಊರು. ಅವಳ ಮೊಮ್ಮಗಳು ಎಂಟನೆಯ ತರಗತಿ. ಹೈಸ್ಕೂಲು ಒಂಬತ್ತು ಕಿಲೋಮೀಟರ್ ದೂರ. ಶಾಲೆ ಶುರುವಾಗುವುದು ಹತ್ತಕ್ಕೆ, ಊರಿಗೆ ಬಸ್ಸು ಬರುವುದು ಹನ್ನೊಂದಕ್ಕೆ. ಹಾಗಾಗಿ ಮಕ್ಕಳೆಲ್ಲ ಟಂಟಂನಲ್ಲಿ ಹೋಗುತ್ತಾರೆ. ಒಳಗೆ ಎಷ್ಟು ಮಂದಿಯೋ, ಹಿಂದೆ ಜೋತುಬಿದ್ದವರು ಅಷ್ಟೇ ಮಂದಿ.

"ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಅಲ್ಲವೇನವ್ವಾ?" ಎಂದೆ.

"ಟಿಕೆಟ್ ಫುಕಟ್ ಅದ ಮುತ್ಯಾ, ಬಸ್ಸೆಲ್ಲಿ ಅದ?" ಎಂದಳು.

ಮನೆಯಲ್ಲಿ ಆಗಲೇ ಮಾತು ಶುರುವಾಗಿದೆ. ಮಳೆಗಾಲ ಬಂದರೆ ಟಂಟಂ ಭರವಸೆಯಿಲ್ಲ, ವಯಸ್ಸಿಗೆ ಬಂದ ಹುಡುಗಿ, ಶಾಲೆ ಬಿಡಿಸೋಣವೇ ಎಂದು. ತಂಗಿ ಏನೂ ಮಾತಾಡಲಿಲ್ಲ, ರೊಟ್ಟಿ ತಟ್ಟುತ್ತಾ ಕೂತಿದ್ದಳು. ಅವಳು ಯಾಕೆ ಸುಮ್ಮನಿದ್ದಳೆಂದು ನನಗೆ ಗೊತ್ತು.

ನಮ್ಮ ಕಾಲದ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1932ರಲ್ಲಿ, ಬರೀ 27 ಬಸ್ಸುಗಳಿಂದ. ನಮ್ಮ ಬೀದರ್ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಾನು ಹೈಸ್ಕೂಲಿಗೆ ಹೊರಟಾಗಲೂ ನಮ್ಮ ಊರಿಗೆ ದಿನಕ್ಕೊಂದೇ ಬಸ್ಸು, ಅದೂ ಮಧ್ಯಾಹ್ನ. ನನ್ನನ್ನು ಹುಮನಾಬಾದ್‌ನಲ್ಲಿ ರೂಮು ಮಾಡಿ ಇಟ್ಟರು. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಆ ಬಸ್ಸಿನಲ್ಲೇ ಕಳಿಸುತ್ತಿದ್ದಳು. ಕಂಡಕ್ಟರ್ ಪುಣ್ಯಾತ್ಮ, ಬುತ್ತಿಗೆ ಒಂದು ಪೈಸೆ ಕೇಳಿದವನಲ್ಲ. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ತಂಗಿ ನಾಲ್ಕನೆಯ ತರಗತಿಗೇ ನಿಂತಳು. ಹುಡುಗಿಯನ್ನು ರೂಮು ಮಾಡಿ ಇಡುವವರು ಯಾರು? ನಾನು ಬಿಕಾಂ ಮಾಡಿ ಬ್ಯಾಂಕು ಸೇರಿದೆ.

ಇರಲಿ, ಲೆಕ್ಕಕ್ಕೆ ಬರೋಣ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಹೆಣ್ಣುಮಕ್ಕಳ ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. ಹುಡುಗರಿಗೆ ವಿದ್ಯಾರ್ಥಿ ಪಾಸು ಇದೆ. ಇವೆರಡೂ ಸೀಟಿನ ಖರ್ಚು. ಚಕ್ರದ ಖರ್ಚು ಬೇರೆ. ಡೀಸೆಲ್, ಚಾಲಕರ ಸಂಬಳ, ಟೈರು ಇವೆಲ್ಲ ಓಡಿದ ಕಿಲೋಮೀಟರಿನ ಮೇಲೆ ಬೀಳುತ್ತವೆ, ಹತ್ತಿದವರ ಮೇಲಲ್ಲ. ಬಸ್ಸಿನಲ್ಲಿ ಐದು ಜನ ಕೂತರೂ ಅಷ್ಟೇ, ಅರವತ್ತು ಜನ ಕೂತರೂ ಹೆಚ್ಚುಕಡಿಮೆ ಅಷ್ಟೇ.

ಬೆಳಿಗ್ಗೆ ಬಸ್ಸು ಖಾಲಿ ಬಂದು ಮಕ್ಕಳನ್ನು ಕರೆದೊಯ್ಯಲು 18 ಕಿ.ಮೀ., ಸಂಜೆ ಬಿಟ್ಟು ಹೋಗಲು 18. ದಿನಕ್ಕೆ 36. ಶಾಲೆ 220 ದಿನ ಎಂದುಕೊಳ್ಳಿ, 7,920 ಕಿ.ಮೀ. ಆಯಿತು. ಕಿಲೋಮೀಟರಿಗೆ 50 ರೂಪಾಯಿ ಎಂದು ಹಿಡಿಯೋಣ. ಇದು ನಾನು ಲೆಕ್ಕಕ್ಕಾಗಿ ಹಿಡಿದದ್ದು, ನಿಜವಾದ ದರ ಡಿಪೋದಲ್ಲಿ ಕೇಳಬೇಕು. ಮೊತ್ತ 3,96,000. ದಾರಿಯಲ್ಲಿ ಸಿಗುವ ಎರಡು ಮೂರು ಊರು ಸೇರಿ 60 ಮಕ್ಕಳಾದರೆ ತಲೆಗೆ ವರ್ಷಕ್ಕೆ 6,600 ರೂಪಾಯಿ.

ಈಗ ಟಂಟಂ ಲೆಕ್ಕ ಮಾಡಿ. ಹೋಗಲು 20, ಬರಲು 20. 220 ದಿನಕ್ಕೆ 8,800! ಕೂಲಿಗೆ ಹೋಗುವ ತಾಯಂದಿರು ಜೋತುಬಿದ್ದು ಹೋಗುವುದಕ್ಕೆ ಬಸ್ಸಿಗಿಂತ ಹೆಚ್ಚು ಕೊಡುತ್ತಿದ್ದಾರೆ. ನಾನು ಮೂರು ಸಲ ಕೂಡಿಸಿ ನೋಡಿದೆ. ಬ್ಯಾಂಕಿನ ಚಟ.

ಸರ್ಕಾರದ ಕಡೆಯಲ್ಲೂ ದಾರಿಯಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಲ್ಲಿ ಐದನೆಯ ತರಗತಿಯವರೆಗೆ ಒಂದು ಕಿ.ಮೀ., ಎಂಟರವರೆಗೆ ಮೂರು ಕಿ.ಮೀ. ಒಳಗೆ ಶಾಲೆ ಇರಬೇಕು. ಇಲ್ಲದ ಕಡೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ಈಗ ಹೈಸ್ಕೂಲಿನವರಿಗೂ ಅದನ್ನು ವಿಸ್ತರಿಸಿದ್ದಾರೆ. ಆದರೆ ಮಕ್ಕಳ ಹೆಸರು ಮೊದಲೇ ಪಟ್ಟಿಗೆ ಸೇರಿ ವಾರ್ಷಿಕ ಯೋಜನೆಯಲ್ಲಿ ಮಂಜೂರಾಗಬೇಕು. ಇನ್ನೊಂದು ಮಾತು. 6,000ದಂತೆ ಅರವತ್ತು ಖಾತೆಗೆ ಬಿಡಿಬಿಡಿಯಾಗಿ ಬಿದ್ದರೆ ಅದು ಮತ್ತೆ ಟಂಟಂಗೇ ಹೋಗುತ್ತದೆ. ಒಟ್ಟು ಸೇರಿದರೆ 3,60,000. ಬಸ್ಸಿಗೆ 36,000 ಮಾತ್ರ ಕಡಿಮೆ. ಅದೇ ಬಸ್ಸಿಗೆ ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಹತ್ತಿದರೆ ಅದೂ ತುಂಬೀತು.

ಸೈಕಲ್ ಕೊಟ್ಟಿದ್ದರಲ್ಲ ಎನ್ನುವಿರಾ? 2006-07ರಲ್ಲಿ ಶುರುವಾದ ಒಳ್ಳೆಯ ಯೋಜನೆ ಅದು. ಆದರೆ ಕಬ್ಬಿನ ಲಾರಿ ಓಡುವ ಹೆದ್ದಾರಿಯಲ್ಲಿ ಹದಿಮೂರು ವರ್ಷದ ಹುಡುಗಿಯನ್ನು ಸೈಕಲ್ ಮೇಲೆ ಕಳಿಸಲು ನನಗೆ ಧೈರ್ಯವಿಲ್ಲ.

ಆ ರಾತ್ರಿ ಶಾಲಾಭಿವೃದ್ಧಿ ಸಮಿತಿಯ ಹೆಸರಲ್ಲಿ ಎರಡು ಅರ್ಜಿ ಬರೆದೆ. ಒಂದು ಡಿಪೋ ವ್ಯವಸ್ಥಾಪಕರಿಗೆ, ಇನ್ನೊಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ. ಊರುವಾರು ಮಕ್ಕಳ ಸಂಖ್ಯೆ, ತರಗತಿ, ಶಾಲೆಯ ದೂರ, ಬಸ್ಸು ಬೇಕಾದ ಹೊತ್ತು ಎಲ್ಲ ಖಾನೆ ಎಳೆದು ತುಂಬಿದೆ. "ಬಸ್ಸು ಬಿಡಿ" ಎಂದಷ್ಟೇ ಬರೆದ ಅರ್ಜಿ ಫೈಲಿನಲ್ಲಿ ಮಲಗುತ್ತದೆ, ಅಂಕಿ ಇದ್ದ ಅರ್ಜಿಗೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ. ಇದು ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ಕಲಿತದ್ದು.

ಬೆಳಿಗ್ಗೆ ತಂಗಿ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಅರ್ಜಿ ಓದಿದಳು. ಮೊಮ್ಮಗಳು ಅವಳ ಹೆಗಲ ಮೇಲಿಂದ ಇಣುಕಿ ನೋಡಿ ನಕ್ಕಳು.

"ಮುತ್ಯಾ, ಶನಿವಾರ ಮುಂಜಾನಿ ಶಾಲಿ ಇರ್ತದ. ಹನ್ನೆರಡಕ್ಕ ಬಿಡ್ತಾರ. ನೀವು ದಿನಾ ಸಂಜಿ ನಾಕೂವರೀಗಿ ಬಸ್ ಬರದೀರಿ. ಅಲ್ಲೀತನಕ ನಾವು ಎಲ್ಲಿ ಕೂಡಬೇಕು?"

ತಂಗಿ ಪೆನ್ನು ನನ್ನ ಕೈಗಿಟ್ಟಳು. ಎರಡೂ ಅರ್ಜಿ ಹೊಸದಾಗಿ ಬರೆದೆ.