ಮಣ್ಣಿನ ಓದು ಯಾರಿಗೆ?

ಯೂನಿಯನ್ ಸಿಟಿಯ ಕನ್ನಡ ಮನೆಯೊಂದರ ಮಗಳು ಡೇವಿಸ್‌ನಲ್ಲಿ ಕೃಷಿ ಓದುವೆನೆಂದಾಗ ತಂದೆ ಕೇಳಿದರಂತೆ: "ನಾನು ಹೊಲ ಬಿಟ್ಟು ಬಂದದ್ದು ನೀನು ಮತ್ತೆ ಹೊಲಕ್ಕಿಳಿಯಲೆಂದೇ ಮಗಳೇ?"

ಸಾಲ, ಬರ, ಬೆಲೆಕುಸಿತಗಳನ್ನು ಕಂಡುಂಡವರ ಈ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಆದರೆ ಅವರಿಂದು ನಿಂತಿರುವ ನೆಲವೂ ಬೇಸಾಯದ್ದೇ. 1959ರಲ್ಲಿ ಅಲ್ವರಾಡೊ ಮತ್ತು ಡಿಕೋಟೊ ಸೇರಿ ಈ ನಗರವಾಯಿತು. ಅಮೆರಿಕದ ಮೊದಲ ಯಶಸ್ವಿ ಬೀಟ್ ಸಕ್ಕರೆ ಕಾರ್ಖಾನೆ 1870ರಲ್ಲಿ ಎದ್ದದ್ದು ಅಲ್ವರಾಡೊದಲ್ಲಿ. ಡಿಕೋಟೊ ಮೆಕ್ಸಿಕನ್ ಕೃಷಿ ಕಾರ್ಮಿಕರ ನೆಲೆಯಾಗಿತ್ತು.

ಪೌರತ್ವಕ್ಕೆ ಅನರ್ಹರೆನಿಸಿದ ಏಷ್ಯಾದ ವಲಸಿಗರಿಗೆ ಕ್ಯಾಲಿಫೋರ್ನಿಯಾದ 1913ರ ಕಾಯಿದೆ ಭೂ ಒಡೆತನವನ್ನೇ ನಿರಾಕರಿಸಿತ್ತು. 1923ರ ಥಿಂಡ್ ತೀರ್ಪು ಪಂಜಾಬಿ ರೈತರನ್ನೂ ಅದರಡಿ ತಂದಿತು. ಆ ಕಾಯಿದೆ ಬಿದ್ದದ್ದು 1952ರಲ್ಲಿ. ಅತ್ತ, ಗೇಣಿದಾರರನ್ನು ಒಡೆಯರನ್ನಾಗಿಸಿದ 1974ರ ಸುಧಾರಣೆಯ ಕರ್ನಾಟಕದಲ್ಲೇ 2020ರ ತಿದ್ದುಪಡಿಯು ಕೃಷಿಕರಲ್ಲದವರಿಗೂ ಜಮೀನು ಖರೀದಿಯ ಬಾಗಿಲು ತೆರೆದಿದೆ.

ಹೀಗಾಗಿ ಕೃಷಿಯ ಓದೆಂದರೆ ಬೀಜ, ಗೊಬ್ಬರಗಳ ಓದಷ್ಟೇ ಅಲ್ಲ. ನೆಲ ಯಾರದು, ನೀರು ಯಾರದು, ಬೆವರು ಯಾರದು ಎಂಬ ಪ್ರಶ್ನೆಗಳೂ ಅದರಲ್ಲಿವೆ. ಇಳುವರಿಯೊಂದಿಗೆ ಕೂಲಿಯ ಲೆಕ್ಕವನ್ನೂ ಕೇಳುವವರು ವಿಶ್ವವಿದ್ಯಾಲಯಗಳಿಗೆ ಬೇಕು. ಸಾಫ್ಟ್‌ವೇರಿನ ಸಂಬಳ ಇಲ್ಲಿ ಸಿಗಲಾರದು, ನಿಜ. ಆದರೂ ಆಕೆ ಓದಲಿ. ತಂದೆ ಬಿಟ್ಟುಬಂದ ಹೊಲದ ಕಥೆಯೇ ಆಕೆಯ ಮೊದಲ ಪಾಠವಾಗಲಿ.